ಪರೀಕ್ಷೆಗೆ ಹೋಗಲು ನಮಗೆ ಅಡ್ಡಿ ಏನು?



ಅನ್ನಕ್ಕೆ ಇಡುವ ಮೊದಲು ನಾವು ಅಕ್ಕಿ ಆರಿಸುತ್ತೇವೆ. ಕಲ್ಲು ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಆರಿಸುತ್ತೇವೆ. ಹಲ್ಲಿಗೆ ಕಲ್ಲು ಸಿಕ್ಕ ಮೇಲೆ ನೋಡೋಣ ಅಂತ ಯಾರೂ ಕೂರುವುದಿಲ್ಲ. ಮಳೆಗಾಲಕ್ಕೆ ಮೊದಲು ಮನೆಯ ಹೆಂಚು ನೋಡುತ್ತೇವೆ. ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಸಾಕು, ಗಾಬರಿ ಆಗುತ್ತೇವೆ.

ಆದರೆ ನಮ್ಮ ಮೈ? ಅದರ ಸರದಿ ಮಾತ್ರ ಕೊನೆಗೆ. ಕೈಕಾಲು ಆಡುವ ತನಕ "ನನಗೇನಾಗಿದೆ? ಚೆನ್ನಾಗೇ ಇದ್ದೀನಿ" ಅನ್ನುತ್ತೇವೆ. ಹಾಸಿಗೆ ಹಿಡಿದ ಮೇಲೆ ಆಸ್ಪತ್ರೆಗೆ ಓಡುತ್ತೇವೆ.

ಕೆಲವು ಕಾಯಿಲೆಗಳು ಹಾಗೆ ಕಾಯುವುದಿಲ್ಲ. ನೋವು ಕೊಡದೆ, ಸದ್ದು ಮಾಡದೆ ಒಳಗೇ ಬೆಳೆಯುತ್ತವೆ. ಅಂಥ ಒಂದು ಕಾಯಿಲೆ ಗರ್ಭಕೋಶದ ಕೊರಳಿನ ಕ್ಯಾನ್ಸರ್. ಇದನ್ನು ಮೊದಲೇ ಕಂಡುಹಿಡಿಯುವ ಪರೀಕ್ಷೆ ಇದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಹಣವಿಲ್ಲ. ಆದರೂ ಬಹಳ ಹೆಂಗಸರು ಹೋಗುವುದಿಲ್ಲ. ಏಕೆ? ಏನು ಮಾಡಿದರೆ ಹೋಗುತ್ತಾರೆ? ಬನ್ನಿ, ಒಟ್ಟಿಗೆ ಓದಿ ತಿಳಿಯೋಣ.

ಇದು ಎಂಥ ಕಾಯಿಲೆ?

ಮಗು ಬೆಳೆಯುವ ಚೀಲವೇ ಗರ್ಭಕೋಶ. ಹಳ್ಳಿಯಲ್ಲಿ ಗರ್ಭಚೀಲ ಅನ್ನುತ್ತೇವೆ. ಅದರ ಕೆಳಗಿನ ತುದಿ ಕೊರಳಿನ ಹಾಗೆ ಕಿರಿದಾಗಿದೆ. ಅದೇ ಗರ್ಭಕೋಶದ ಕೊರಳು. ಅಲ್ಲಿ ಹುಣ್ಣಾಗಿ ಹರಡುವ ಕಾಯಿಲೆ ಈ ಕ್ಯಾನ್ಸರ್.

ಒಂದು ಬಗೆಯ ವೈರಸ್‌ನಿಂದ ಇದು ಬರುತ್ತದೆ. ವೈರಸ್ ಅಂದರೆ ಕಣ್ಣಿಗೆ ಕಾಣದ ರೋಗಾಣು. ಗಂಡು ಹೆಣ್ಣು ಕೂಡಿದಾಗ ಇದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಬಹಳ ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಅಂಟಿರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಒಳಗೇ ಉಳಿಯುತ್ತದೆ. ಉಳಿದರೆ ಕೊರಳಿನ ಚರ್ಮ ನಿಧಾನವಾಗಿ ಕೆಡುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು, ಹದಿನೈದು ವರ್ಷವೇ ಬೇಕು.

ಈ ಹತ್ತು ಹದಿನೈದು ವರ್ಷವೇ ನಮಗೆ ಸಿಗುವ ಅವಕಾಶ. ಈ ನಡುವೆ ಪರೀಕ್ಷೆ ಮಾಡಿಸಿದರೆ ಕೆಟ್ಟ ಜಾಗ ಕಾಣುತ್ತದೆ. ಅಲ್ಲೇ ಚಿಕಿತ್ಸೆ ಕೊಟ್ಟರೆ ಅದು ಕ್ಯಾನ್ಸರ್ ಆಗುವುದನ್ನು ತಡೆಯಬಹುದು. ಈ ಅವಕಾಶ ಬಿಟ್ಟುಕೊಟ್ಟರೆ ನಷ್ಟ ದೊಡ್ಡದು. ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ಕ್ಯಾನ್ಸರ್ ಬಂತು ಅಂತ ಅಂದಾಜು. ಅದೇ ವರ್ಷ ಸುಮಾರು 80 ಸಾವಿರ ಹೆಂಗಸರು ಇದರಿಂದ ಸತ್ತರು. ಅಂದರೆ ದಿನಕ್ಕೆ 200ಕ್ಕೂ ಹೆಚ್ಚು ತಾಯಂದಿರು, ಅಕ್ಕತಂಗಿಯರು.

ಪರೀಕ್ಷೆ ಹೇಗೆ ಮಾಡುತ್ತಾರೆ?

ಗೊತ್ತಿಲ್ಲದ್ದಕ್ಕೆ ಹೆದರಿಕೆ ಹೆಚ್ಚು. ಆದ್ದರಿಂದ ಮೊದಲು ಇದನ್ನು ತಿಳಿಯೋಣ.

ಮಂಚದ ಮೇಲೆ ಮೊಣಕಾಲು ಮಡಿಸಿ ಮಲಗಬೇಕು. ಸಿಸ್ಟರ್ ಅಥವಾ ಡಾಕ್ಟರಮ್ಮ ಒಂದು ಚಿಕ್ಕ ಉಪಕರಣ ಇಟ್ಟು, ದೀಪದ ಬೆಳಕಿನಲ್ಲಿ ಗರ್ಭಕೋಶದ ಕೊರಳು ನೋಡುತ್ತಾರೆ. ಹತ್ತಿಯಿಂದ ಅಲ್ಲಿಗೆ ಒಂದು ತೆಳು ದ್ರವ ಹಚ್ಚುತ್ತಾರೆ. ಅಡುಗೆಗೆ ಬಳಸುವ ವಿನೆಗರ್‌ನಲ್ಲಿ ಇರುವುದೂ ಇದೇ ಹುಳಿ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ಅಷ್ಟೇ. ಕುಯ್ಯುವುದಿಲ್ಲ. ಸ್ವಲ್ಪ ಉರಿ, ಸ್ವಲ್ಪ ಇರುಸುಮುರುಸು ಆಗಬಹುದು. ಕೆಲವೇ ನಿಮಿಷದ ಕೆಲಸ. ಮುಗಿದ ಮೇಲೆ ನಡೆದುಕೊಂಡು ಮನೆಗೆ ಬರಬಹುದು.

ಸರ್ಕಾರದ ಕಾರ್ಯಕ್ರಮದ ಪ್ರಕಾರ 30ರಿಂದ 65 ವರ್ಷದ ಹೆಂಗಸರು ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಬೇಕು. ಬಾಯಿ ಮತ್ತು ಮೊಲೆಯ ಪರೀಕ್ಷೆಯನ್ನೂ ಇದರ ಜೊತೆಗೇ ಮಾಡುತ್ತಾರೆ. ಮುಟ್ಟಾದ ದಿನಗಳಲ್ಲಿ ಮತ್ತು ಬಸುರಿ ಇದ್ದಾಗ ಈ ಗರ್ಭಕೋಶದ ಪರೀಕ್ಷೆ ಮಾಡುವುದಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಈ ಬಗೆಯಲ್ಲಿ ಸರಿಯಾಗಿ ಕಾಣದೆ ಇರಬಹುದು. ಆಗ ಬೇರೆ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಎಷ್ಟು ಜನ ಮಾಡಿಸಿದ್ದಾರೆ?

ಸರ್ಕಾರ ಆಗಾಗ ಮನೆಮನೆಗೆ ಹೋಗಿ ಆರೋಗ್ಯದ ಲೆಕ್ಕ ತೆಗೆಯುತ್ತದೆ. 2019ರಿಂದ 2021ರ ತನಕ ಅಂಥ ಲೆಕ್ಕ ನಡೆಯಿತು. 30ರಿಂದ 49 ವರ್ಷದ ಹೆಂಗಸರನ್ನು ಕೇಳಿದರು: "ಈ ಪರೀಕ್ಷೆ ಒಮ್ಮೆಯಾದರೂ ಮಾಡಿಸಿದ್ದೀರಾ?"

ಇಡೀ ದೇಶದಲ್ಲಿ ನೂರು ಹೆಂಗಸರಲ್ಲಿ ಇಬ್ಬರೂ ಪೂರ್ತಿ "ಹೌದು" ಅನ್ನಲಿಲ್ಲ. ಅಂದರೆ ನೂರರಲ್ಲಿ 98 ಜನ ಪರೀಕ್ಷೆ ಮಾಡಿಸಿಯೇ ಇರಲಿಲ್ಲ.

ಇಷ್ಟು ಜನ ತಿಳಿಗೇಡಿಗಳೇ? ಅಲ್ಲ. ಹೋಗದಿರಲು ಅವರಿಗೆ ಕಾರಣಗಳಿವೆ. ಊರಲ್ಲಿ ನಾವು ಕೇಳುವ ಮಾತುಗಳನ್ನೇ ಒಂದೊಂದಾಗಿ ನೋಡೋಣ.

"ನನಗೆ ಯಾರೂ ಹೇಳಲೇ ಇಲ್ಲ"

ಇದು ಮೊದಲ ಕಾರಣ. ಪರೀಕ್ಷೆ ಇದೆ ಅಂತ ಗೊತ್ತಿಲ್ಲದವರು ಹೋಗುವುದು ಹೇಗೆ? ಬಸುರಿ ಬಾಣಂತಿಯರಿಗೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾರೆ. ಮಕ್ಕಳು ದೊಡ್ಡವರಾದ ಮೇಲೆ ನಮ್ಮ ಮೈ ಬಗ್ಗೆ ಕೇಳುವವರು ಕಡಿಮೆ. ಇದು ನಮ್ಮ ತಪ್ಪಲ್ಲ. ಆದರೆ ಈಗ ಓದಿದ್ದೇವೆ. ಇನ್ನು ಮೇಲೆ ನಾವೇ ಕೇಳಬಹುದು, ಪಕ್ಕದ ಮನೆಯವರಿಗೂ ಹೇಳಬಹುದು.

"ನೋವಿಲ್ಲ, ಏನಿಲ್ಲ. ಯಾಕೆ ಹೋಗಲಿ?"

ಇದು ನ್ಯಾಯವಾದ ಪ್ರಶ್ನೆಯೇ. ನೋವು ಬಂದರೆ ಆಸ್ಪತ್ರೆ, ಅದು ನಮಗೆ ಗೊತ್ತಿರುವ ಲೆಕ್ಕ. ಆದರೆ ಈ ಪರೀಕ್ಷೆ ಇರುವುದೇ ನೋವಿಲ್ಲದವರಿಗೆ. ಕೊರಳಿನ ಚರ್ಮ ಕೆಡಲು ಶುರುವಾದಾಗ ನೋವು ಇರುವುದಿಲ್ಲ, ರಕ್ತ ಹೋಗುವುದಿಲ್ಲ. ನೋವು ಬರುವ ಹೊತ್ತಿಗೆ ಕಾಯಿಲೆ ಬಲಿತಿರಬಹುದು.

ಕೆಲವು ಗುರುತುಗಳಿದ್ದರೆ ಮಾತ್ರ ಶಿಬಿರ ಬರಲಿ ಅಂತ ಕಾಯಬಾರದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋದರೆ, ಎರಡು ಮುಟ್ಟಿನ ನಡುವೆ ರಕ್ತ ಹೋದರೆ, ಗಂಡಹೆಂಡತಿ ಕೂಡಿದ ಮೇಲೆ ರಕ್ತ ಕಂಡರೆ, ಕೆಟ್ಟ ವಾಸನೆಯ ಸೆರಗು ಹೋಗುತ್ತಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಇವೆಲ್ಲ ಬೇರೆ ಕಾರಣದಿಂದಲೂ ಬರಬಹುದು. ಆದರೂ ತೋರಿಸಬೇಕು.

"ಅಯ್ಯೋ, ನಾಚಿಕೆ!"

ಈ ಮಾತನ್ನು ನಗುತ್ತಾ ಹೇಳುತ್ತೇವೆ. ಆದರೆ ಇದು ದೊಡ್ಡ ಅಡ್ಡಿ. ಗಂಡಸು ಡಾಕ್ಟರ್ ಇದ್ದರೆ? ಪರದೆ ಇಲ್ಲದಿದ್ದರೆ? ಬಾಗಿಲ ಹತ್ತಿರ ಜನ ನಿಂತಿದ್ದರೆ?

ನಾಚಿಕೆ ಪಡಬೇಡಿ ಅಂತ ಬರೀ ಹೇಳಿದರೆ ಸಾಲದು. ನಾಚಿಕೆ ಆಗದ ಹಾಗೆ ಏರ್ಪಾಡು ಇರಬೇಕು. "ಹೆಂಗಸರೇ ಪರೀಕ್ಷೆ ಮಾಡುತ್ತಾರಾ? ಪರದೆ ಇದೆಯಾ? ನನ್ನ ಜೊತೆ ಅಕ್ಕ ಒಳಗೆ ಬರಬಹುದಾ?" ಅಂತ ಮೊದಲೇ ಕೇಳೋಣ. ಕೇಳುವುದು ನಮ್ಮ ಹಕ್ಕು. ಹೆಂಗಸರು ತಾವೇ ಒಳಗಿನ ದ್ರವವನ್ನು ಕಡ್ಡಿಯಲ್ಲಿ ತೆಗೆದು ಕೊಡುವ ಪರೀಕ್ಷೆಯೂ ಬಂದಿದೆ. ಅದು ಎಲ್ಲಾ ಕಡೆ ಸಿಗುವುದಿಲ್ಲ. ನಿಮ್ಮ ಕಡೆ ಇದೆಯೇ ಅಂತ ವಿಚಾರಿಸಿ.

"ಏನಾದರೂ ಇದೆ ಅಂತ ಹೇಳಿಬಿಟ್ಟರೆ?"

ಕ್ಯಾನ್ಸರ್ ಅಂದರೆ ಸಾವು ಅಂತ ನಮ್ಮ ಮನಸ್ಸಿನಲ್ಲಿ ಕೂತಿದೆ. ಆ ಹೆಸರನ್ನೇ ಬಾಯಲ್ಲಿ ಆಡುವುದಿಲ್ಲ. ಗೊತ್ತಾಗದಿದ್ದರೆ ನೆಮ್ಮದಿ ಅಂದುಕೊಳ್ಳುತ್ತೇವೆ. ಆದರೆ ನಾವು ನೋಡದಿದ್ದರೂ ಕಾಯಿಲೆ ಬೆಳೆಯುವುದು ನಿಲ್ಲುವುದಿಲ್ಲ.

ಬೆಳ್ಳಗೆ ಕಂಡರೆ ಕ್ಯಾನ್ಸರ್ ಅಂತ ಅಲ್ಲ. ಬಹಳ ಜನರಿಗೆ ಮುಂದಿನ ಪರೀಕ್ಷೆಯಲ್ಲಿ ಏನೂ ಇರುವುದಿಲ್ಲ. ಕೆಲವರಿಗೆ ಕೆಟ್ಟ ಜಾಗವನ್ನು ತಣ್ಣಗೆ ಮಾಡಿಯೋ, ಶಾಖ ಕೊಟ್ಟೋ ತೆಗೆಯುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ.

"ಜನ ಏನಂದಾರು?" ಎಂಬ ಹೆದರಿಕೆಯೂ ಇದೆ. ಈ ಕಾಯಿಲೆ ನಡತೆಯಿಂದ ಬರುವುದು ಅಂತ ಕೆಲವರು ಆಡಿಕೊಳ್ಳುತ್ತಾರೆ. ಅದು ತಪ್ಪು. ಒಬ್ಬ ಗಂಡನ ಜೊತೆ ಬಾಳಿದ ಹೆಂಗಸಿಗೂ ಇದು ಬರುತ್ತದೆ. ಇದು ಕಾಯಿಲೆ, ಕಳಂಕ ಅಲ್ಲ.

"ಹೋದರೆ ಗರ್ಭಚೀಲ ತೆಗೆದುಬಿಡ್ತಾರಂತೆ"

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬೇಡದಿದ್ದರೂ ಗರ್ಭಚೀಲ ತೆಗೆದರು ಎಂಬ ದೂರುಗಳು ನಮ್ಮ ರಾಜ್ಯದಲ್ಲೂ ಬಂದಿವೆ. ಹಾಗಾಗಿ ಹುಷಾರಾಗಿ ಇರಬೇಕು. ಆದರೆ ಪರೀಕ್ಷೆ ಬೇರೆ, ಆಪರೇಷನ್ ಬೇರೆ. ಪರೀಕ್ಷೆಗೆ ಒಪ್ಪಿದರೆ ಆಪರೇಷನ್‌ಗೆ ಒಪ್ಪಿದ ಹಾಗಲ್ಲ. ಬಿಳಿ ಸೆರಗು ಹೋಗುತ್ತದೆ ಅಂತ ಅಷ್ಟಕ್ಕೇ ಗರ್ಭಚೀಲ ತೆಗೆಯಬೇಕಿಲ್ಲ. ಯಾರಾದರೂ ತೆಗೆಯಬೇಕು ಅಂದರೆ "ಯಾಕೆ?" ಅಂತ ಕೇಳಿ. ಚೀಟಿಯಲ್ಲಿ ಬರೆಸಿಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಆಮೇಲೆ ಒಪ್ಪಿಗೆಯ ಕಾಗದ ಓದಿ ಸಹಿ ಹಾಕಿ. ಈಗ ನಮಗೆ ಓದಲು ಬರುತ್ತದೆ.

"ಒಂದು ದಿನದ ಕೂಲಿ ಹೋಗುತ್ತೆ"

ಪರೀಕ್ಷೆಗೆ ದುಡ್ಡಿಲ್ಲ, ನಿಜ. ಆದರೆ ಆ ದಿನದ ಕೂಲಿ? ನಮ್ಮ ರಾಜ್ಯದಲ್ಲಿ 2023ರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ತೆಗೆದರು. ಎಷ್ಟೋ ಊರಿಗೆ ಬಸ್ಸೇ ಇಲ್ಲ. ಇದ್ದರೂ ಹೋದ ದಿನ ಸಿಸ್ಟರ್ ಇಲ್ಲ ಅಂದರೆ ಮತ್ತೆ ಇನ್ನೊಂದು ದಿನ. ಎರಡನೇ ಸಲ ಬಾ ಅಂದರೆ ಬಡವರು ಬರುವುದು ಕಷ್ಟ. ಹೋಗುವ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಗೊತ್ತು ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ.

"ಮನೆಯವರು ಬಿಡಬೇಕಲ್ಲ"

ಗಂಡನಿಗೆ ಜ್ವರ ಬಂದರೆ ಇಡೀ ಮನೆ ಓಡಾಡುತ್ತದೆ. ನಾವು ಆಸ್ಪತ್ರೆಗೆ ಹೋಗುತ್ತೇವೆ ಅಂದರೆ "ಈಗ ಏನಾಗಿದೆ ನಿನಗೆ?" ಅನ್ನುತ್ತಾರೆ. ಅತ್ತೆಗೂ ಗಂಡನಿಗೂ ಈ ಪಾಠ ಓದಿ ಹೇಳೋಣ. ಸೊಸೆ ಮಾತ್ರ ಅಲ್ಲ, 65 ವರ್ಷದೊಳಗಿನ ಅತ್ತೆಯೂ ಬರಬೇಕು. "ನನಗೆ ಮಕ್ಕಳಾಯ್ತು, ಆಪರೇಷನ್ ಆಯ್ತು, ಇನ್ನೇನು" ಅಂತ ಅತ್ತೆ ಅನ್ನಬಹುದು. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಈ ಕಾಯಿಲೆ ತಡೆಯುವುದಿಲ್ಲ. ಗಂಡ ತೀರಿಕೊಂಡವರಿಗೂ ಪರೀಕ್ಷೆ ಬೇಕು.

ಮುಂಬಯಿಯಲ್ಲಿ ಹೆಂಗಸರು ಬಂದದ್ದು ಹೇಗೆ?

ಇಷ್ಟೊಂದು ಅಡ್ಡಿ ಇದ್ದ ಮೇಲೆ ಹೆಂಗಸರು ಬರುವುದೇ ಇಲ್ಲವೇ? ಬರುತ್ತಾರೆ. ಬಂದದ್ದಕ್ಕೆ ಲೆಕ್ಕವೂ ಇದೆ.

ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಇದೆ. ಕ್ಯಾನ್ಸರ್‌ಗೆ ದೇಶದಲ್ಲೇ ಹೆಸರಾದ ಆಸ್ಪತ್ರೆ. 1998ರಲ್ಲಿ ಅಲ್ಲಿನ ಡಾಕ್ಟರುಗಳು ನಗರದ ಕೊಳೆಗೇರಿಗಳಲ್ಲಿ ಒಂದು ಕೆಲಸ ಶುರು ಮಾಡಿದರು. 35ರಿಂದ 64 ವರ್ಷದ ಸುಮಾರು 75 ಸಾವಿರ ಹೆಂಗಸರನ್ನು ಪರೀಕ್ಷೆಗೆ ಕರೆದರು. ಹೆಚ್ಚುಕಡಿಮೆ ಅಷ್ಟೇ ಹೆಂಗಸರ ಇನ್ನೊಂದು ಗುಂಪಿಗೆ ತಿಳುವಳಿಕೆ ಮಾತ್ರ ಕೊಟ್ಟರು.

ಪರೀಕ್ಷೆ ಮಾಡಿದವರು ದೊಡ್ಡ ಡಾಕ್ಟರುಗಳಲ್ಲ. ಹತ್ತನೇ ತರಗತಿಯಷ್ಟು ಓದಿದ ಹೆಂಗಸರು. ಅವರಿಗೆ ನಾಲ್ಕು ವಾರ ತರಬೇತಿ ಕೊಟ್ಟಿದ್ದರು. ಅವರು ಮನೆಮನೆಗೆ ಹೋಗಿ ಮಾತಾಡಿಸಿದರು. ಮೊದಮೊದಲು ಹೆಂಗಸರು ಮಾತು ಕೇಳಲು ಬರುತ್ತಿದ್ದರು. ಪರೀಕ್ಷೆ ಅಂದ ಕೂಡಲೇ ಬೇಡ ಅನ್ನುತ್ತಿದ್ದರು. ಭಯ, ನಾಚಿಕೆ ಎರಡೂ ಇದ್ದವು. ಕಾರ್ಯಕರ್ತೆಯರು ಬಿಡಲಿಲ್ಲ. ಮತ್ತೆ ಮತ್ತೆ ಹೋದರು. ಅದೇ ವಿನೆಗರ್ ಬಗೆಯ ಪರೀಕ್ಷೆಯನ್ನು ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ ಮಾಡಿದರು.

ಕೊನೆಗೆ ನೂರಕ್ಕೆ 89 ಹೆಂಗಸರು ಪರೀಕ್ಷೆ ಮಾಡಿಸಿಕೊಂಡರು! ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಆದ ಸಾವು, ಇನ್ನೊಂದು ಗುಂಪಿಗಿಂತ ನೂರಕ್ಕೆ 31ರಷ್ಟು ಕಡಿಮೆ ಆಯಿತು.

ಒಂದು ಮಾತು ಮಾತ್ರ ಮರೆಯಬಾರದು. ಮುಂದಿನ ಪರೀಕ್ಷೆಗೆ ಬನ್ನಿ ಅಂತ ಕರೆದ ನೂರು ಹೆಂಗಸರಲ್ಲಿ 79 ಜನ ಹೋದರು. ಉಳಿದ 21 ಜನ ಹೋಗಲಿಲ್ಲ. ಮೊದಲ ಪರೀಕ್ಷೆ ಮಾಡಿಸಿ ಅಲ್ಲಿಗೇ ನಿಂತರೆ ಅರ್ಧ ಹೊಳೆ ದಾಟಿದ ಹಾಗೆ.

ಪಕ್ಕದ ಜಿಲ್ಲೆಯ ಪಾಠ

ನಮ್ಮ ಬೀದರ್, ಕಲಬುರಗಿಗೆ ಹೊಂದಿಕೊಂಡ ಮಹಾರಾಷ್ಟ್ರದ ಜಿಲ್ಲೆ ಉಸ್ಮಾನಾಬಾದ್. ಈಗ ಅದರ ಹೆಸರು ಧಾರಾಶಿವ. ಅಲ್ಲಿನ ಹಳ್ಳಿಗಳಲ್ಲಿ 1999ರಲ್ಲಿ ಇಂಥದೇ ಕೆಲಸ ಶುರುವಾಯಿತು. 30ರಿಂದ 59 ವರ್ಷದ 1 ಲಕ್ಷ 31 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ಅದರಲ್ಲಿತ್ತು. ಕೆಲವು ಹಳ್ಳಿಗಳಲ್ಲಿ ವೈರಸ್ ಇದೆಯೇ ಅಂತ ನೋಡುವ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದರು. ಆ ಹಳ್ಳಿಗಳಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಈ ಸುದ್ದಿ 2009ರಲ್ಲಿ ಹೊರಬಂತು.

ಅಲ್ಲಿ ಕರೆದವರಲ್ಲಿ ನೂರಕ್ಕೆ ಸುಮಾರು 80 ಹೆಂಗಸರು ಬಂದಿದ್ದರು. ಬಂದವರು ಯಾರು, ಬರದವರು ಯಾರು ಅಂತಲೂ ನೋಡಿದರು. 30ರಿಂದ 39ರ ವಯಸ್ಸಿನವರು ಹೆಚ್ಚು ಬಂದರು. ವಯಸ್ಸಾದವರು ಕಡಿಮೆ. ಗಂಡ ಇರುವವರು ಹೆಚ್ಚು ಬಂದರು, ಒಂಟಿ ಹೆಂಗಸರು ಕಡಿಮೆ. ಮಕ್ಕಳ ನಡುವೆ ಅಂತರಕ್ಕೆ, ಬೇಡವಾದಾಗ ತಡೆಯಲು ಏನಾದರೂ ಬಳಸಿದವರು ಹೆಚ್ಚು ಬಂದರು. ಆಸ್ಪತ್ರೆಯ ಬಾಗಿಲು ಅವರಿಗೆ ಹೊಸದಲ್ಲ.

ಇನ್ನೊಂದು ಮಾತು. ಓದು ಬಂದವರು ಹೆಚ್ಚು ಬಂದರು. ಓದು ಬಾರದವರು ಹಿಂದೆ ಉಳಿದರು.

ಹೊರದೇಶದಲ್ಲಿ ಹೇಗೆ?

ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆ ಅಂದುಕೊಳ್ಳಬೇಡಿ. ಇಂಗ್ಲೆಂಡ್ ಶ್ರೀಮಂತ ದೇಶ. ಅಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚು. ಹಾಗಾಗಿ 2006ರಿಂದ ಸರ್ಕಾರವೇ ಮಲ ಪರೀಕ್ಷೆಯ ಸಾಮಾನನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತದೆ. ಜನ ಮನೆಯಲ್ಲೇ ಸ್ವಲ್ಪ ಮಲ ತೆಗೆದು ಅಂಚೆಯಲ್ಲಿ ವಾಪಸು ಕಳಿಸಬೇಕು. ಖರ್ಚಿಲ್ಲ, ಬಸ್ಸಿಲ್ಲ. ಆದರೂ ಬಹಳ ಜನ ಕಳಿಸುತ್ತಿರಲಿಲ್ಲ. ಅಸಹ್ಯ, ಭಯ, "ನನಗೇನೂ ಇಲ್ಲ" ಎಂಬ ಮಾತು ಅಲ್ಲೂ ಇದೆ. ಬಡವರ ಬೀದಿಗಳಲ್ಲಿ ಕಳಿಸುವವರು ಇನ್ನೂ ಕಡಿಮೆ. ಹೆಂಗಸರಿಗಿಂತ ಗಂಡಸರು ಕಡಿಮೆ.

ಮೊದಲು ಮೂರು ಸಲದ ಮಲ ತೆಗೆದು ಹಚ್ಚಿ ಕಳಿಸಬೇಕಿತ್ತು. 2019ರಲ್ಲಿ ಒಂದೇ ಸಲ ತೆಗೆದರೆ ಸಾಕು ಎಂಬ ಹೊಸ ಪರೀಕ್ಷೆ ತಂದರು. ಆಗ ಪರೀಕ್ಷೆ ಮಾಡಿಸುವವರು ಹೆಚ್ಚಾದರು. ಜನರನ್ನು ಬೈದಿದ್ದರಿಂದ ಅಲ್ಲ, ಕೆಲಸ ಸುಲಭ ಮಾಡಿದ್ದರಿಂದ.

ನಮಗೆ ತಿಳಿದದ್ದು ಏನು?

ಹೆಂಗಸರು ಬರುವುದಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಪರೀಕ್ಷೆ ಮನೆಯ ಹತ್ತಿರ ಇದ್ದರೆ ಬರುತ್ತಾರೆ. ಹೆಂಗಸರೇ ಪರೀಕ್ಷೆ ಮಾಡಿದರೆ ಬರುತ್ತಾರೆ. ಗುರುತಿನವರು ಕೂತು ತಿಳಿಸಿ ಹೇಳಿದರೆ ಬರುತ್ತಾರೆ. ಮುಂದೆ ಚಿಕಿತ್ಸೆ ಸಿಗುತ್ತದೆ ಎಂಬ ನಂಬಿಕೆ ಇದ್ದರೆ ಬರುತ್ತಾರೆ. ಒಬ್ಬಳೇ ಹೆದರುವವಳು ಹತ್ತು ಜನರ ಜೊತೆ ಬರುತ್ತಾಳೆ.

ಇದರಲ್ಲಿ ಸರ್ಕಾರ ಮಾಡಬೇಕಾದ ಕೆಲಸ ಇದೆ. ನಾವು ಮಾಡಬಹುದಾದ ಕೆಲಸವೂ ಇದೆ.

ನಾವು ಏನು ಮಾಡಬಹುದು?

ಸಂಘದ ಸಭೆಯಲ್ಲಿ ಈ ಪಾಠವನ್ನು ಗಟ್ಟಿಯಾಗಿ ಓದೋಣ. 30 ದಾಟಿದವರ ಹೆಸರು ಒಂದು ಹಾಳೆಯಲ್ಲಿ ಬರೆಯೋಣ. ಓದು ಬಾರದವರು, ವಯಸ್ಸಾದವರು, ಒಂಟಿ ಹೆಂಗಸರ ಹೆಸರನ್ನು ಮೊದಲು ಬರೆಯೋಣ. ಹಿಂದೆ ಉಳಿಯುವವರು ಅವರೇ.

ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆಯೋಣ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಯಾವ ದಿನ ಇದೆ ಅಂತ ಕೇಳೋಣ. ಇಲ್ಲ ಅಂದರೆ ಸಂಘದಿಂದ ಒಂದು ಅರ್ಜಿ ಬರೆದು ವೈದ್ಯಾಧಿಕಾರಿಗೆ ಕೊಡೋಣ. ಅರ್ಜಿ ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡ ಪ್ರತಿ ನಮ್ಮ ಹತ್ತಿರ ಇರಲಿ.

ಹೋಗುವ ದಿನ ಐದಾರು ಜನ ಒಟ್ಟಿಗೆ ಹೋಗೋಣ. ಒಬ್ಬರು ಮಕ್ಕಳನ್ನು ನೋಡಿಕೊಳ್ಳಲಿ. ಪರೀಕ್ಷೆ ಆದ ಮೇಲೆ ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಓದೋಣ. ಗೊತ್ತಾಗದಿದ್ದರೆ ಕೇಳೋಣ. "ಮತ್ತೆ ಬನ್ನಿ" ಅಂದವರನ್ನು ಒಬ್ಬಳನ್ನೇ ಬಿಡಬಾರದು. ಜೊತೆಗೆ ಒಬ್ಬರು ಹೋಗಲೇಬೇಕು.

ಚಿಕಿತ್ಸೆಯ ಖರ್ಚಿಗೆ ಹೆದರಬೇಡಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಸಹಾಯ ಇದೆ. ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ ಇದೆ. ಕಲಬುರಗಿಯಲ್ಲಿ ಅದರ ಶಾಖೆ ಇದೆ.

ಹೆಣ್ಣುಮಕ್ಕಳಿಗೆ ಈ ವೈರಸ್ ತಡೆಯುವ ಲಸಿಕೆಯೂ ಇದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯದು. ಲಸಿಕೆ ಹಾಕಿಸಿಕೊಂಡವರೂ ದೊಡ್ಡವರಾದ ಮೇಲೆ ಪರೀಕ್ಷೆ ಮಾಡಿಸಬೇಕು.

ನೆನಪಿಡಿ

1. ಈ ಪರೀಕ್ಷೆ ನೋವಿಲ್ಲದವರಿಗೂ ಬೇಕು.
2. ವಯಸ್ಸು 30 ಆದ ಮೇಲೆ ಐದು ವರ್ಷಕ್ಕೊಮ್ಮೆ ಮಾಡಿಸಬೇಕು.
3. ಬೆಳ್ಳಗೆ ಕಂಡರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಆದರೆ ಮುಂದಿನ ಪರೀಕ್ಷೆ ಬಿಡಬಾರದು.
4. ಅಕಾಲದಲ್ಲಿ ರಕ್ತ ಹೋದರೆ ಕೂಡಲೇ ಡಾಕ್ಟರಿಗೆ ತೋರಿಸಬೇಕು.
5. ಪರದೆ, ಮರ್ಯಾದೆ, ಸರಿಯಾದ ಉತ್ತರ ಇವು ಆಸ್ಪತ್ರೆಯಲ್ಲಿ ನಮ್ಮ ಹಕ್ಕು.

ಕೂತು ಮಾತಾಡೋಣ

1. ನಮ್ಮ ಊರಿನಲ್ಲಿ ಈ ಪರೀಕ್ಷೆ ಎಲ್ಲಿ ಮಾಡುತ್ತಾರೆ? ಯಾರು ಮಾಡುತ್ತಾರೆ?
2. ನಮ್ಮಲ್ಲಿ ಎಷ್ಟು ಜನ ಮಾಡಿಸಿದ್ದೇವೆ? ಮಾಡಿಸದಿದ್ದರೆ ನಮಗೆ ದೊಡ್ಡ ಅಡ್ಡಿ ಯಾವುದು?
3. ಆ ಅಡ್ಡಿಯಲ್ಲಿ ನಾವೇ ತೆಗೆಯಬಹುದಾದದ್ದು ಯಾವುದು? ಪಂಚಾಯಿತಿಗೆ, ಆಸ್ಪತ್ರೆಗೆ ಹೇಳಬೇಕಾದದ್ದು ಯಾವುದು?
4. ಮೊದಲ ಗುಂಪಿನಲ್ಲಿ ಯಾರು ಯಾರು ಹೋಗೋಣ? ಯಾವ ದಿನ? ಹೆಸರು, ದಿನ ಎರಡನ್ನೂ ಇಲ್ಲೇ ಬರೆಯಿರಿ.